ಲಿಥಿಯಂ ಬ್ರೋಮೈಡ್ ಹೋದ ಮೇಲೂ ರೇಷ್ಮೆ ನೀರಲ್ಲೇ ಉಳಿಯುವುದು ಯಾಕೆ?

ಗಾಯಕ್ಕೆ ಹಾಕುವ ಪ್ರೋಟೀನುಗಳಲ್ಲಿ ಕೊಲಾಜೆನ್, ಜೆಲಾಟಿನ್, ಫೈಬ್ರಿನ್ ಮೂರೂ ನನಗೆ ಬೇಗ ಅರ್ಥವಾದವು. ಸತಾಯಿಸಿದ್ದು ರೇಷ್ಮೆಯ ಫೈಬ್ರಾಯಿನ್. ಹಾಗಾಗಿ ಈ ಟಿಪ್ಪಣಿ ಪೂರ್ತಿ ಅದರದೇ.

ಗೂಡಿನ ಎಳೆಯೊಳಗೆ ಇರುವುದು ಫೈಬ್ರಾಯಿನ್, ತೂಕದಲ್ಲಿ 70–75%. ಅದರ ಸುತ್ತ ಇರುವ ಅಂಟು ಸೆರಿಸಿನ್. ರಾಮನಗರದಲ್ಲಿ ನೂಲು ಬಿಚ್ಚುವವರು ಗೂಡನ್ನು ಬಿಸಿನೀರಿಗೆ ಹಾಕುವುದು ಈ ಅಂಟು ಸಡಿಲವಾಗಲೆಂದು. ಲ್ಯಾಬಿನಲ್ಲಿ ಅದು ಪೂರ್ತಿ ಹೋಗಬೇಕು. 0.02 ಮೋಲಾರ್ ಸೋಡಿಯಂ ಕಾರ್ಬೊನೇಟಿನಲ್ಲಿ 30 ನಿಮಿಷ ಕುದಿಸಿ ತೊಳೆದರೆ ಹತ್ತಿಯಂಥ ಬಿಳಿ ನಾರು ಸಿಗುತ್ತದೆ. ಇನ್ನೂ ಕುದಿಸಿದರೆ ಪ್ರೋಟೀನಿನ ಸರಪಳಿಯೇ ತುಂಡಾಗುತ್ತದೆ, ಗಡಿಯಾರ ನೋಡುತ್ತಿರಿ. ಆ ನಾರನ್ನು ಲಿಥಿಯಂ ಬ್ರೋಮೈಡ್ ಎಂಬ ಉಪ್ಪಿನ 9.3 ಮೋಲಾರ್ ದ್ರಾವಣದಲ್ಲಿ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಾಲ್ಕು ಗಂಟೆ ಇಟ್ಟರೆ ಕರಗುತ್ತದೆ. ಆಮೇಲೆ ಎರಡು ದಿನ ಡಯಾಲಿಸಿಸ್, ಅಂದರೆ ಅದನ್ನು ಅತಿ ಸಣ್ಣ ರಂಧ್ರಗಳ ಚೀಲದಲ್ಲಿ ತುಂಬಿ ನೀರಿನಲ್ಲಿಡುವುದು, ನೀರು ಬದಲಿಸುತ್ತಾ. ಉಪ್ಪೆಲ್ಲ ಹೊರಗೆ.

ನಾನು ಎಡವಿದ್ದು ಇಲ್ಲೇ. ರೇಷ್ಮೆ ಸೀರೆ ನೀರಲ್ಲಿ ಕರಗುವುದಿಲ್ಲ. ಕರಗಿಸಿದ್ದು ಉಪ್ಪು. ಉಪ್ಪು ಹೋದ ಮೇಲೆ ರೇಷ್ಮೆ ಮತ್ತೆ ನಾರಾಗಿ ತಳಕ್ಕೆ ಕೂರಬೇಕಲ್ಲ?

ಫೈಬ್ರಾಯಿನ್ ಸರಪಳಿಯಲ್ಲಿ ಗ್ಲೈಸಿನ್-ಅಲನಿನ್-ಗ್ಲೈಸಿನ್-ಅಲನಿನ್-ಗ್ಲೈಸಿನ್-ಸೆರಿನ್ ಎಂಬ ಸಾಲು ಮತ್ತೆ ಮತ್ತೆ ಬರುತ್ತದೆ. ಎಲ್ಲ ಪುಟ್ಟ ಅಮೈನೊ ಆಮ್ಲಗಳು. ಹಾಗಾಗಿ ಸರಪಳಿಗಳು ಹೆಗಲಿಗೆ ಹೆಗಲು ತಾಗಿಸಿ ನಿಂತು, ಹೈಡ್ರೋಜನ್ ಬಂಧದಿಂದ ಕೈಹಿಡಿದು ಹಾಳೆಯಾಗುತ್ತವೆ. ಇದೇ ಬೀಟಾ ಹಾಳೆ. ಅದರೊಳಗೆ ನೀರಿಗೆ ಜಾಗವಿಲ್ಲ. ಲಿಥಿಯಂ ಬ್ರೋಮೈಡ್ ಆ ಕೈಗಳನ್ನು ಬಿಡಿಸುತ್ತದೆ. ಉಪ್ಪು ಹೋಗುವ ಹೊತ್ತಿಗೆ ಸರಪಳಿಗಳು ಸುರುಳಿ ಸುತ್ತಿಕೊಂಡು, ಪ್ರತಿಯೊಂದರ ಸುತ್ತ ನೀರು ಕೂತಿರುತ್ತದೆ. ಮತ್ತೆ ಹಾಳೆಯಾಗಲು ಸುರುಳಿ ಬಿಚ್ಚಿ, ಸಾಲಾಗಿ ನಿಲ್ಲಬೇಕು. ಅದಕ್ಕೆ ಸಮಯ ಬೇಕು. ಅಂದರೆ ಈ ದ್ರಾವಣ ಶಾಶ್ವತವಲ್ಲ, ನಾರಾಗುವುದು ತಡವಾಗಿದೆ ಅಷ್ಟೆ. ಬಾಟಲಿಯನ್ನು ಜೋರಾಗಿ ಕುಲುಕಿದರೆ ಜೆಲ್ ಆಗಿಬಿಡುತ್ತದೆ.

ಚಂದ್ರಿಕೆಯಲ್ಲಿ, ಅಂದರೆ ಗೂಡು ಕಟ್ಟಲು ಬಿಡುವ ತಟ್ಟೆಯಲ್ಲಿ, ಹುಳು ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುವುದನ್ನು ನೆನಪಿಸಿಕೊಳ್ಳಿ. ಅದರ ಗ್ರಂಥಿಯೊಳಗೂ ಫೈಬ್ರಾಯಿನ್ ದ್ರವವೇ. ಎಳೆಯುವ ಸೆಳೆತಕ್ಕೆ ಸರಪಳಿಗಳು ಸಾಲಾಗಿ ನಿಂತು ಆ ದ್ರವ ನೂಲಾಗುತ್ತದೆ. ನಾವು ಎರಡು ದಿನ ಕಷ್ಟಪಟ್ಟು ಹಿಂತಿರುಗಿದ್ದು ಆ ಗ್ರಂಥಿಯ ಸ್ಥಿತಿಗೆ!

ಈ ದ್ರಾವಣವನ್ನು ತೆಳುವಾಗಿ ಹರಡಿ, ಫ್ಯಾನಿನ ಕೆಳಗೆ ಬೇಗ ಒಣಗಿಸಿದ ನನ್ನ ಫಿಲ್ಮಿಗೆ ಒಂದು ಹನಿ ನೀರು ಬಿದ್ದದ್ದೇ ತಡ, ಲೋಳೆಯಾಯಿತು. ಮೆಥನಾಲಿನಲ್ಲಿ ಅದ್ದಿದ ಇನ್ನೊಂದು ಫಿಲ್ಮ್ ನೀರಲ್ಲಿ ಹಾಗೇ ಉಳಿಯಿತು. ಮೆಥನಾಲ್ ಸರಪಳಿಯ ಸುತ್ತಲಿನ ನೀರನ್ನು ಕಿತ್ತುಕೊಂಡಾಗ ಹಾಳೆಗಳು ಕಟ್ಟಿಕೊಂಡವು. ಬರೀ ನೀರಾವಿಯಿಂದಲೂ ಹಾಳೆ ಕಟ್ಟಿಸಬಹುದು.

ಗಾಯದ ಲೆಕ್ಕಕ್ಕೆ ನಾನು ನೆನಪಿಟ್ಟುಕೊಂಡಿದ್ದು ಇಷ್ಟು: ಹಾಳೆ ಹೆಚ್ಚಿದಷ್ಟೂ ಬಾಳಿಕೆ ಹೆಚ್ಚು. ಕಿಣ್ವಗಳು ಸಡಿಲ ಭಾಗವನ್ನು ಮೊದಲು ತಿನ್ನುತ್ತವೆ. ಹಾಗಾಗಿ ಹೊದಿಕೆ ಎಷ್ಟು ದಿನ ಉಳಿಯಬೇಕೆಂಬುದು ನಮ್ಮ ಕೈಯಲ್ಲಿದೆ.

ಇನ್ನೊಂದು ಮಾತು. ಜೀವಕೋಶಗಳು ಹಿಡಿದುಕೊಳ್ಳುವ ಆರ್ಜಿನೈನ್-ಗ್ಲೈಸಿನ್-ಆಸ್ಪಾರ್ಟಿಕ್ ಆಮ್ಲದ ಸಾಲು ಹಿಪ್ಪುನೇರಳೆ ರೇಷ್ಮೆಯಲ್ಲಿಲ್ಲ, ಟಸಾರ್ ಎಂಬ ಕಾಡು ರೇಷ್ಮೆಯಲ್ಲಿದೆ. ಆದರೆ ಟಸಾರ್‌ನಲ್ಲಿ ಉದ್ದುದ್ದ ಅಲನಿನ್ ಸಾಲುಗಳಿದ್ದು ಹಾಳೆ ಇನ್ನೂ ಬಿಗಿ, ಲಿಥಿಯಂ ಬ್ರೋಮೈಡಿಗೆ ಸುಲಭವಾಗಿ ಬಗ್ಗುವುದಿಲ್ಲ. ಅದಕ್ಕೇ ಸಂಶೋಧಕರು ಗೂಡು ಕಟ್ಟುವ ಮೊದಲೇ, ಹಣ್ಣಾದ ಹುಳುವಿನ ಗ್ರಂಥಿಯಿಂದ ನೇರವಾಗಿ ಆ ದ್ರವವನ್ನು ತೆಗೆದುಕೊಂಡರು.