ಮೋಟಾರ್‌ಹೋಮ್ ಓಲಾಡುತ್ತಿದೆಯಾ? ಪಾರ್ಟ್ಸ್ ಕೊಳ್ಳುವ ಮುಂಚೆ ತೂಕ ಹಾಕಿಸಿ

ಕಳೆದ ಬೇಸಿಗೆಯ ಒಂದು ಶನಿವಾರ ನಮ್ಮ ರಿಪೇರಿ ಶಾಪ್‌ಗೆ 32 ಅಡಿಯ ಮೋಟಾರ್‌ಹೋಮ್, ಅಂದರೆ ಚಕ್ರದ ಮೇಲಿನ ಮನೆ, ಬಂತು. ಓಡಿಸಿಕೊಂಡು ಬಂದವರು ಮೈಸೂರಿನ ಕಡೆಯವರು. ಕ್ಯಾಲಿಫೋರ್ನಿಯಾಗೆ ಬಂದು ಮೂವತ್ತು ವರ್ಷವಾಗಿದೆ, ಈಗ ನಿವೃತ್ತರು. ಇಳಿದವರೇ ಎರಡೂ ಅಂಗೈ ತೋರಿಸಿದರು. ಕೆಂಪಗಾಗಿದ್ದವು. "ಪಾಮ್ ಸ್ಪ್ರಿಂಗ್ಸ್ ಹತ್ತಿರ ಗಾಳಿಯಂತ್ರಗಳ ಸಾಲು ಇದೆಯಲ್ಲ, ಅಲ್ಲಿಂದ ಇಲ್ಲೀವರೆಗೆ ಸ್ಟೀರಿಂಗ್ ಜೊತೆ ಗುದ್ದಾಡ್ಕೊಂಡು ಬಂದೆ" ಅಂದರು. ಅವರ ಹೆಂಡತಿ ಒಳಗಿನಿಂದ ಮೂರು ಡಬ್ಬಿ ತಂದು ಬೆಂಚಿನ ಮೇಲಿಟ್ಟರು. ಒಂದರಲ್ಲಿ ಶಾಕ್ ಅಬ್ಸಾರ್ಬರ್, ಇನ್ನೊಂದರಲ್ಲಿ ಸ್ಟೀರಿಂಗ್ ಅತ್ತಿತ್ತ ಎಳೆಯದಂತೆ ತಡೆಯುವ ಸ್ಟೀರಿಂಗ್ ಸ್ಟೆಬಿಲೈಸರ್, ಉದ್ದದ್ದರಲ್ಲಿ ಟ್ರ್ಯಾಕ್ ಬಾರ್. "ಇವರೇ ಹಾಕ್ತಾರಂತೆ. ಯಾವುದು ಮೊದಲು ಅಂತ ಹೇಳಿ ಸಾಕು" ಅಂದರು.

ಯಾವುದೂ ಬೇಡ, ಮೊದಲು ಗಾಡಿಯನ್ನು ತೂಕ ಹಾಕಿಸಿಕೊಂಡು ಬನ್ನಿ ಅಂದೆ.

ಇದು ನಾನು ವಾರಕ್ಕೆ ಎರಡು ಸಲವಾದರೂ ಹೇಳುವ ಮಾತು. ಗಾಡಿಯ ಸಸ್ಪೆನ್ಷನ್ ಕೆಲಸ, ಅಂದರೆ ಸ್ಪ್ರಿಂಗ್, ಶಾಕ್‌ಗಳ ಕೆಲಸ, ಮನೆಯಲ್ಲೇ ಮಾಡಿಕೊಳ್ಳುವವರನ್ನು ಕಂಡರೆ ನನಗೆ ತುಂಬಾ ಗೌರವ. ಆದರೆ ಬಹಳ ಜನ ಕೊನೆಯಲ್ಲಿ ಮಾಡಬೇಕಾದ್ದನ್ನು ಮೊದಲು ಮಾಡುತ್ತಾರೆ. ದುಡ್ಡೂ ಹೋಗುತ್ತದೆ, ಓಲಾಟವೂ ಉಳಿಯುತ್ತದೆ.

ಈ ಗಾಡಿ ಹುಟ್ಟುವ ರೀತಿ ತಿಳಿದರೆ ಅದರ ಕಾಯಿಲೆಯೂ ಅರ್ಥವಾಗುತ್ತದೆ. ಅಮೆರಿಕದಲ್ಲಿ ಪೆಟ್ರೋಲ್ ಎಂಜಿನ್ನಿನ ದೊಡ್ಡ ಮೋಟಾರ್‌ಹೋಮ್‌ಗಳಲ್ಲಿ ಹೆಚ್ಚಿನವು ಫೋರ್ಡ್ ಎಫ್53 ಚಾಸಿ ಮೇಲೆ ಕಟ್ಟಿದವು. ಫೋರ್ಡ್ ಕೊಡುವುದು ಎಂಜಿನ್, ಫ್ರೇಮ್, ಆಕ್ಸಲ್, ಚಕ್ರ ಇಷ್ಟೇ. ಮೇಲಿನ ಮನೆ ಕಟ್ಟುವುದು ವಿನ್ನೆಬಾಗೊ, ಥಾರ್, ಫ್ಲೀಟ್‌ವುಡ್‌ನಂಥ ಬೇರೆ ಕಂಪನಿಗಳು. ನಮ್ಮ ತುಮಕೂರಿನ ಕಡೆ ಲಾರಿ ಚಾಸಿ ತಂದು ಶೆಡ್‌ನಲ್ಲಿ ಬಾಡಿ ಕಟ್ಟಿಸುತ್ತಾರಲ್ಲ, ಹಾಗೇ. ಮುಂದೆಯೂ ಹಿಂದೆಯೂ ಲೀಫ್ ಸ್ಪ್ರಿಂಗ್, ನಮ್ಮ ಲಾರಿಯವರ ಭಾಷೆಯಲ್ಲಿ ಕಮಾನು ಪ್ಲೇಟ್. ಮುಂದಿನ ಆಕ್ಸಲ್ ಒಂದೇ ಗಟ್ಟಿ ತೊಲೆ. ಮೇಲೆ ಯಾರು ಎಷ್ಟು ಭಾರದ ಮನೆ ಕಟ್ಟುತ್ತಾರೆ, ಅಡುಗೆಮನೆ ಎಡಕ್ಕೋ ಬಲಕ್ಕೋ, ನೀರಿನ ಟ್ಯಾಂಕ್ ಎಲ್ಲಿ, ಇದು ಚಾಸಿ ಮಾಡುವವರಿಗೆ ಗೊತ್ತಿರುವುದಿಲ್ಲ. ಎಲ್ಲರಿಗೂ ಹೊಂದುವ ಹಾಗೆ ಒಂದು ಸೆಟ್ಟಿಂಗ್ ಮಾಡಿ ಕಳಿಸುತ್ತಾರೆ. ಅದನ್ನು ನಿಮ್ಮ ಮನೆಗೆ ಹೊಂದಿಸುವ ಕೆಲಸ ಬಾಕಿ ಉಳಿದಿರುತ್ತದೆ.

ತೂಕಕ್ಕೆ ಬರೋಣ. ಹೈವೇ ಪಕ್ಕದ ದೊಡ್ಡ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ವೇಬ್ರಿಡ್ಜ್ ಇರುತ್ತದೆ. ಮುಂದಿನ ಆಕ್ಸಲ್ ಒಂದು ಹಲಗೆ ಮೇಲೆ, ಹಿಂದಿನದು ಇನ್ನೊಂದರ ಮೇಲೆ ನಿಲ್ಲುತ್ತದೆ. ಎರಡರ ತೂಕವೂ ಬೇರೆ ಬೇರೆಯಾಗಿ ಸಿಗುತ್ತದೆ. ಖಾಲಿ ಗಾಡಿ ತೂಗಿಸಿದರೆ ಪ್ರಯೋಜನವಿಲ್ಲ. ಪ್ರವಾಸಕ್ಕೆ ಹೊರಡುವ ಹಾಗೆಯೇ ತುಂಬಿಸಿರಬೇಕು. ನೀರು, ಪೆಟ್ರೋಲ್, ಪಾತ್ರೆ, ಬಟ್ಟೆ, ಕೂರುವ ಜನ ಎಲ್ಲವೂ.

ಆ ದಂಪತಿ ತೂಗಿಸಿಕೊಂಡು ಬಂದರು. ಒಟ್ಟು ತೂಕ ಮಿತಿಯೊಳಗೇ ಇತ್ತು. ಆದರೆ ಹಿಂದಿನ ಆಕ್ಸಲ್ ಮಿತಿಯ ಅಂಚಿನಲ್ಲಿತ್ತು, ಮುಂದಿನದು ಹಗುರ. ಹಿಂದಿನ ಡಿಕ್ಕಿ ತೆರೆದು ನೋಡಿದೆ. ಟಿಲ್ಟಿಂಗ್ ಗ್ರೈಂಡರ್, ಎರಡು ಮೂಟೆ ಸೋನಾ ಮಸೂರಿ, ಟೂಲ್ ಬಾಕ್ಸ್. ಅದರ ಪಕ್ಕದಲ್ಲೇ 50 ಗ್ಯಾಲನ್‌ನ ನೀರಿನ ಟ್ಯಾಂಕ್, ಪೂರ್ತಿ ತುಂಬಿದ್ದು. ಒಂದು ಗ್ಯಾಲನ್ ನೀರು 8.34 ಪೌಂಡ್. ಟ್ಯಾಂಕಿನ ನೀರೇ 417 ಪೌಂಡ್ ಆಯಿತು.

ಇಲ್ಲೊಂದು ಸಣ್ಣ ಲೆಕ್ಕ ಇದೆ, ದಯವಿಟ್ಟು ಹಾರಿಸಿಬಿಡಬೇಡಿ. ಆ ಗಾಡಿಯ ವೀಲ್‌ಬೇಸ್, ಅಂದರೆ ಎರಡು ಆಕ್ಸಲ್‌ಗಳ ನಡುವಿನ ದೂರ, 208 ಇಂಚು. ಹಿಂದಿನ ಆಕ್ಸಲ್‌ನಿಂದ 104 ಇಂಚು ಹಿಂದಕ್ಕೆ 400 ಪೌಂಡ್ ಇಟ್ಟರೆ ಏನಾಗುತ್ತದೆ? ಹಿಂದಿನ ಆಕ್ಸಲ್ ಮೇಲೆ ಬೀಳುವುದು 400 ಅಲ್ಲ, 600. ಹೆಚ್ಚಿನ 200 ಎಲ್ಲಿಂದ ಬಂತು? ಮುಂದಿನ ಆಕ್ಸಲ್‌ನಿಂದ. ಮಕ್ಕಳ ಏತಪಾತ ಆಟದ ಹಾಗೆ ಹಿಂದೆ ಕೂತ ಭಾರ ಮುಂದನ್ನು ಎತ್ತುತ್ತದೆ. ಸ್ಟೀರಿಂಗ್ ಮಾಡುವ ಚಕ್ರಗಳ ಮೇಲಿನ ಭಾರವೇ ಕಡಿಮೆಯಾದರೆ ಗಾಡಿ ದಾರಿ ಹಿಡಿಯುವುದು ಹೇಗೆ?

ಗ್ರೈಂಡರ್ ಮತ್ತು ಅಕ್ಕಿಯನ್ನು ಎರಡು ಆಕ್ಸಲ್‌ಗಳ ನಡುವಿನ ಡಿಕ್ಕಿಗೆ ಸಾಗಿಸಿದೆವು. ನೀರನ್ನು ಕಾಲು ಭಾಗಕ್ಕೆ ಇಳಿಸಿದೆವು. ಉಳಿದದ್ದನ್ನು ಕ್ಯಾಂಪ್‌ಗ್ರೌಂಡ್‌ನಲ್ಲಿ ತುಂಬಿಸಿಕೊಂಡರಾಯಿತು.

ಆಮೇಲೆ ಟೈರ್. ಆರೂ ಟೈರ್‌ಗಳಲ್ಲಿ 110 ಪಿಎಸ್‌ಐ ಗಾಳಿ ಇತ್ತು. ಕೇಳಿದರೆ "ಟೈರ್ ಮೇಲೆ ಹಾಗೇ ಬರೆದಿದೆಯಲ್ಲ" ಅಂದರು. ಟೈರಿನ ಗೋಡೆ ಮೇಲೆ ಇರುವುದು ಆ ಟೈರ್ ಹೊರಬಲ್ಲ ಗರಿಷ್ಠ ಭಾರಕ್ಕೆ ಬೇಕಾದ ಗಾಳಿ. ನಿಮ್ಮ ಗಾಡಿಯ ಭಾರಕ್ಕೆ ಎಷ್ಟು ಬೇಕು ಅನ್ನುವುದು ಟೈರ್ ಕಂಪನಿಯ ಪಟ್ಟಿಯಲ್ಲಿರುತ್ತದೆ. ಅತಿಯಾಗಿ ಗಾಳಿ ತುಂಬಿದ ಟೈರ್ ನಡುಭಾಗದಲ್ಲಿ ಮಾತ್ರ ರಸ್ತೆ ಮುಟ್ಟುತ್ತದೆ. ರಸ್ತೆಯ ಪ್ರತಿ ಗೆರೆಗೂ ಗಾಡಿ ಅತ್ತಿತ್ತ ಹೋಗುತ್ತದೆ, ಸಣ್ಣ ಗುಂಡಿಗೂ ಪಾತ್ರೆ ಸದ್ದು ಮಾಡುತ್ತವೆ. ಒಂದೇ ಆಕ್ಸಲ್‌ನ ಎರಡೂ ಕಡೆಗೆ ಒಂದೇ ಗಾಳಿ ಇರಬೇಕು. ಎಡ, ಬಲದಲ್ಲಿ ಯಾವುದು ಜಾಸ್ತಿ ಭಾರವೋ ಅದಕ್ಕೆ ತಕ್ಕಂತೆ ಹಾಕಿ, ಪಟ್ಟಿಗಿಂತ ಐದು ಪಿಎಸ್‌ಐ ಮೇಲಿಟ್ಟುಕೊಳ್ಳಿ. ಪಟ್ಟಿಗಿಂತ ಕೆಳಗೆ ಮಾತ್ರ ಯಾವತ್ತೂ ಇಳಿಸಬೇಡಿ, ಟೈರ್ ಬಿಸಿಯಾಗಿ ಸಿಡಿಯುತ್ತದೆ. ಬೆಳಿಗ್ಗೆ, ಗಾಡಿ ಓಡಿಸುವ ಮುಂಚೆ ಅಳೆಯಿರಿ. ಇವರ ಗಾಡಿಗೆ ಪಟ್ಟಿ ನೋಡಿ ಮುಂದೆ 85ಕ್ಕೆ ಇಳಿಸಿದೆವು. ಹಾಗೇ ಟೈರಿನ ಗೋಡೆ ಮೇಲಿರುವ ಡಿಒಟಿ ಗುರುತಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂದರೆ 2019ರ 23ನೇ ವಾರ ತಯಾರಾದ ಟೈರ್. ಮೋಟಾರ್‌ಹೋಮ್ ಟೈರ್ ಸವೆಯುವುದಕ್ಕಿಂತ ಮೊದಲು ಮುದಿಯಾಗುತ್ತದೆ.

ಇಷ್ಟು ಮಾಡಿ ಅವರನ್ನು ಮತ್ತೆ ಐ-10 ಹೈವೇಗೆ ಕಳಿಸಿದೆ. ಗಾಳಿಯಂತ್ರಗಳಿರುವ ಸ್ಯಾನ್ ಗೊರ್ಗೋನಿಯೊ ಕಣಿವೆಯ ಅದೇ ರಸ್ತೆ, ಅದೇ ವೇಗ. ಬದಲಾವಣೆ ಒಂದೊಂದೇ ಮಾಡಬೇಕು, ಒಂದೊಂದಕ್ಕೂ ಅದೇ ರಸ್ತೆಯಲ್ಲಿ ಓಡಿಸಿ ನೋಡಬೇಕು. ಮೂರು ಪಾರ್ಟ್ ಒಟ್ಟಿಗೆ ಹಾಕಿದರೆ ಯಾವುದು ಕೆಲಸ ಮಾಡಿತು ಅಂತ ಹೇಳುವುದು ಹೇಗೆ? ವಾಪಸ್ ಬಂದು "ದಾರಿ ಹಿಡಿಯುತ್ತೆ ಈಗ. ಆದರೆ ತಿರುವಲ್ಲಿ ಇನ್ನೂ ವಾಲುತ್ತೆ. ಟ್ರಕ್ ದಾಟಿದಾಗ ಹಿಂಭಾಗ ಪಕ್ಕಕ್ಕೆ ಹೋದ ಹಾಗಾಗುತ್ತೆ" ಅಂದರು. ನನಗೆ ಬೇಕಾಗಿದ್ದು ಇಂಥ ಮಾತು. ಬೆಳಿಗ್ಗೆ ಎಲ್ಲವೂ ಸೇರಿ ಒಂದೇ ಗೋಳಾಗಿತ್ತು. ಈಗ ಎರಡು ಬೇರೆ ಬೇರೆ ದೂರುಗಳಾದವು. ಎರಡಕ್ಕೂ ಮದ್ದು ಬೇರೆ.

ವಾಲುವುದಕ್ಕೆ ಸ್ವೇ ಬಾರ್ ನೋಡಬೇಕು. ಆಕ್ಸಲ್ಲಿಗೂ ಫ್ರೇಮಿಗೂ ನಡುವೆ ಇರುವ ಯು ಆಕಾರದ ದಪ್ಪ ಉಕ್ಕಿನ ಸಲಾಕೆ ಅದು. ಗಾಡಿ ಒಂದು ಕಡೆ ವಾಲಿದಾಗ ಈ ಸಲಾಕೆ ತಿರುಚಿಕೊಳ್ಳುತ್ತದೆ, ತಿರುಚಿಕೊಳ್ಳಲು ಒಪ್ಪದೆ ಗಾಡಿಯನ್ನು ನೆಟ್ಟಗೆ ಮಾಡುತ್ತದೆ. ಎಫ್53ರ ಬಹಳಷ್ಟು ವರ್ಷದ ಮಾಡೆಲ್‌ಗಳಲ್ಲಿ ಇದರ ತೋಳಿನ ತುದಿಯಲ್ಲಿ ಎರಡು ತೂತುಗಳಿವೆ. ಕಾರ್ಖಾನೆಯಿಂದ ಬರುವಾಗ, ತೋಳನ್ನು ಜೋಡಿಸುವ ಲಿಂಕ್ ಎಂಬ ಕಡ್ಡಿಯ ಬೋಲ್ಟ್ ಹೊರಗಿನ ತೂತಿನಲ್ಲಿರುತ್ತದೆ. ಅದನ್ನು ಬಿಚ್ಚಿ ಒಳಗಿನ ತೂತಿಗೆ ಹಾಕಿದರೆ ತೋಳು ಗಿಡ್ಡವಾಗುತ್ತದೆ. ತೋಳು ಗಿಡ್ಡವಾದಷ್ಟೂ ಸಲಾಕೆಯನ್ನು ತಿರುಚುವುದು ಕಷ್ಟ. ಎಷ್ಟು ಕಷ್ಟ ಅಂದರೆ, ತೋಳು ಹತ್ತರಲ್ಲಿ ಒಂದು ಭಾಗ ಕಡಿಮೆಯಾದರೆ ಬಿಗಿ ಸುಮಾರು ಶೇ 23 ಹೆಚ್ಚುತ್ತದೆ. ಇದಕ್ಕೆ ಹೊಸ ಪಾರ್ಟ್ ಬೇಡ. ನಾಲ್ಕು ಬೋಲ್ಟ್, ಒಳ್ಳೆಯ ಪಾನಾ, ಹೊಸ ಲಾಕ್ ನಟ್‌ಗಳು, ಒಂದು ಮಧ್ಯಾಹ್ನ ಸಾಕು. ಈ ಗಾಡಿ ಇಟ್ಟುಕೊಂಡವರ ನಡುವೆ ಇದಕ್ಕೆ 'ಚೀಪ್ ಹ್ಯಾಂಡ್ಲಿಂಗ್ ಫಿಕ್ಸ್' ಅಂತಲೇ ಹೆಸರು.

ಮಾಡುವ ರೀತಿ ಹೇಳುತ್ತೇನೆ. ಸಮತಟ್ಟಾದ ಕಾಂಕ್ರೀಟ್ ನೆಲದಲ್ಲಿ ನಿಲ್ಲಿಸಿ. ಚಕ್ರಗಳ ಮೇಲೇ ನಿಂತಿರಲಿ, ಎತ್ತುವ ಅಗತ್ಯವಿಲ್ಲ. ಚಕ್ರಕ್ಕೆ ಎರಡೂ ಕಡೆ ಅಡ್ಡ ಕೊಡಿ. ಹಿಂದಿನ ದಿನವೇ ಬೋಲ್ಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ನಟ್ ಬಿಚ್ಚಿದ ಮೇಲೆ ಬೋಲ್ಟ್ ಸಲೀಸಾಗಿ ಬರಬೇಕು. ಬಿಗಿಯಾಗಿ ಸಿಕ್ಕಿಕೊಂಡಿದ್ದರೆ ಗಾಡಿ ವಾಲಿ ನಿಂತಿದೆ ಅಂತ ಅರ್ಥ. ಸುತ್ತಿಗೆ ಎತ್ತಬೇಡಿ, ಗಾಡಿಯನ್ನು ಸಮ ಮಾಡಿ. ಮುಂದೆ, ಹಿಂದೆ ಎರಡೂ ಕಡೆ ಮಾಡಿ. ಹಿಂದಿನದನ್ನು ಮಾತ್ರ ಬಿಗಿ ಮಾಡಿದರೆ ತಿರುವಿನಲ್ಲಿ ಹಿಂಭಾಗ ಹೊರಗೆ ಎಳೆಯುವ ಸ್ವಭಾವ ಬರುತ್ತದೆ. ಕೆಲಸ ಮುಗಿದ ಮೇಲೆ ಲಿಂಕ್ ಬ್ರೇಕ್ ಪೈಪಿಗೆ, ಬೇರೆ ಯಾವುದಕ್ಕೂ ತಾಗುತ್ತಿಲ್ಲ ಅಂತ ನೋಡಿ. ಟಾರ್ಕ್ ರೆಂಚ್‌ನಲ್ಲಿ ಮ್ಯಾನುಯಲ್ ಹೇಳಿದಷ್ಟೇ ಬಿಗಿ ಕೊಡಿ. ಒಂದು ಚಕ್ರ ಮಾತ್ರ ಏರುವ ಜಾಗದಲ್ಲಿ, ಉದಾಹರಣೆಗೆ ಪೆಟ್ರೋಲ್ ಬಂಕಿನ ಓರೆ ದಾರಿಯಲ್ಲಿ, ಗಾಡಿ ಮುಂಚಿಗಿಂತ ಸ್ವಲ್ಪ ಹೆಚ್ಚು ಅಲುಗುತ್ತದೆ. ಅದು ಈ ಬದಲಾವಣೆಯ ಬೆಲೆ.

ಒಂದು ಮಾತನ್ನು ಕೈ ಹಿಡಿದು ಹೇಳಬೇಕು. ಮೋಟಾರ್‌ಹೋಮ್‌ಗೆ ಹೈಡ್ರಾಲಿಕ್ ಲೆವೆಲಿಂಗ್ ಜಾಕ್‌ಗಳಿರುತ್ತವೆ. ಅವು ಕ್ಯಾಂಪ್‌ಗ್ರೌಂಡ್‌ನಲ್ಲಿ ಗಾಡಿ ಸಮ ನಿಲ್ಲಿಸಲು ಮಾತ್ರ. ಅವುಗಳ ಮೇಲೆ ಗಾಡಿ ಎತ್ತಿ ಕೆಳಗೆ ನುಸುಳಬೇಡಿ. ಒಂದು ಎಣ್ಣೆ ಪೈಪ್ ಒಡೆದರೆ ಎಂಟು ಟನ್ ಮೈಮೇಲೆ ಬರುತ್ತದೆ. ಎತ್ತಲೇಬೇಕಾದರೆ ಭಾರಕ್ಕೆ ತಕ್ಕ ಸ್ಟ್ಯಾಂಡ್‌ಗಳನ್ನು ಫ್ರೇಮಿನ ಕೆಳಗೆ ಇಡಿ. ಮನೆಯಲ್ಲಿ ಇನ್ನೊಬ್ಬರು ಇಲ್ಲದಾಗ ಈ ಕೆಲಸ ಶುರು ಮಾಡಲೇಬೇಡಿ.

ಟ್ರಕ್ ದಾಟುವಾಗ ಬಾಲ ಆಡುವುದು ಬೇರೆ ಕಥೆ. ದೊಡ್ಡ ಟ್ರಕ್ಕಿನ ಮೂತಿ ಗಾಳಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಅದು ಮೊದಲು ನಿಮ್ಮ ಹಿಂಭಾಗಕ್ಕೆ ಬಡಿಯುತ್ತದೆ. ಲೀಫ್ ಸ್ಪ್ರಿಂಗ್ ಆಕ್ಸಲ್‌ನ್ನು ಪಕ್ಕಕ್ಕೂ ಹಿಡಿದಿರಬೇಕು, ಆದರೆ ಸ್ಪ್ರಿಂಗ್ ತುದಿಯ ಬುಷ್ ಎಂಬ ಬಳೆ ಮತ್ತು ಶ್ಯಾಕಲ್ ಎಂಬ ಕೊಂಡಿಗಳಲ್ಲಿ ಸ್ವಲ್ಪ ಜಗ್ಗು ಇದ್ದೇ ಇರುತ್ತದೆ. ಬಾಡಿ ಆಕ್ಸಲ್ ಮೇಲೆ ಪಕ್ಕಕ್ಕೆ ಸರಿಯುತ್ತದೆ. ಕೂತವರಿಗೆ ಹಿಂದಿನಿಂದ ಯಾರೋ ದೂಡಿದ ಹಾಗೆ. ಟ್ರ್ಯಾಕ್ ಬಾರ್ ಒಂದು ಅಡ್ಡ ಸಲಾಕೆ. ಒಂದು ತುದಿ ಫ್ರೇಮಿಗೆ, ಇನ್ನೊಂದು ತುದಿ ಆಕ್ಸಲ್‌ಗೆ. ಮೇಲೆ ಕೆಳಗೆ ಹೋಗಲು ಬಿಟ್ಟು ಪಕ್ಕಕ್ಕೆ ಸರಿಯುವುದನ್ನು ತಡೆಯುತ್ತದೆ. ಹಿಂಭಾಗ ಉದ್ದ ಇರುವ ಗಾಡಿಗಳಿಗೆ ಇದು ನಿಜವಾಗಿ ಉಪಯೋಗ. ಮನೆಯಲ್ಲೂ ಹಾಕಬಹುದು. ಮೊದಲು ಬುಷ್‌ಗಳನ್ನು ನೋಡಿ. ಹಳೆಯ ಬುಷ್ ಹೋಗಿದ್ದರೆ ಬಾರ್ ಹಾಕಿದರೂ ಅಷ್ಟಕ್ಕಷ್ಟೆ. ಸ್ಪ್ರಿಂಗ್‌ನ ಯು ಬೋಲ್ಟ್ ಬಿಚ್ಚಬೇಕಾಗಿ ಬಂದರೆ ಹೊಸದನ್ನೇ ಹಾಕಿ. ಒಮ್ಮೆ ಬಿಗಿದ ಯು ಬೋಲ್ಟ್ ಹಿಗ್ಗಿರುತ್ತದೆ, ಎರಡನೇ ಸಲ ಹಿಡಿತ ಕೊಡುವುದಿಲ್ಲ.

ಶಾಕ್ ಅಬ್ಸಾರ್ಬರ್ ಬಗ್ಗೆ ಇಷ್ಟೇ: ಅದು ಭಾರ ಹೊರುವುದಿಲ್ಲ, ಕುಣಿತ ನಿಲ್ಲಿಸುತ್ತದೆ. ಸೇತುವೆ ಜಾಯಿಂಟ್ ದಾಟಿದ ಮೇಲೆ ಗಾಡಿ ಎರಡು ಮೂರು ಸಲ ತೂಗಿದರೆ ಶಾಕ್ ಬದಲಿಸಿ. ಬಿಲ್‌ಸ್ಟೈನ್, ಕೋನಿ ಎರಡೂ ಒಳ್ಳೆಯವು. ಇವರ ಹಳೆಯ ಶಾಕ್‌ಗಳಲ್ಲಿ ಎಣ್ಣೆ ಸೋರಿತ್ತು, ಬದಲಿಸಿದ್ದು ಸರಿಯೇ.

ಸ್ಪ್ರಿಂಗ್‌ಗೆ ಒತ್ತಾಸೆ ಕೊಡುವ ಸುಮೋಸ್ಪ್ರಿಂಗ್‌ನಂಥ ರಬ್ಬರ್ ಜಾತಿಯ ಹೆಲ್ಪರ್, ಗಾಳಿ ಚೀಲದ ಏರ್ ಬ್ಯಾಗ್ ಇವೆಲ್ಲ ಕುಸಿದ ಹಿಂಭಾಗಕ್ಕೆ ಊರುಗೋಲು. ಅದನ್ನು ಹಾಕಿದ ಮಾತ್ರಕ್ಕೆ ಜಾಸ್ತಿ ಭಾರ ಹೇರಬಹುದು ಅಂದುಕೊಳ್ಳಬೇಡಿ. ಡ್ರೈವರ್ ಸೀಟಿನ ಬಳಿಯ ಸ್ಟಿಕ್ಕರ್‌ನಲ್ಲಿರುವ ಮಿತಿ ಆಕ್ಸಲ್, ಬ್ರೇಕ್, ಚಕ್ರ ಎಲ್ಲಕ್ಕೂ ಸೇರಿ ಇರುವುದು. ಸ್ಪ್ರಿಂಗ್ ಬಲವಾದರೆ ಬ್ರೇಕ್ ಬಲವಾಗುವುದಿಲ್ಲ.

ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಸರಿಪಡಿಸುವುದನ್ನು ಮಾತ್ರ ಶಾಪ್‌ಗೆ ಬಿಡಿ, ಅದೂ ಟ್ರಕ್‌ಗಳ ಅಲೈನ್‌ಮೆಂಟ್ ಮಾಡುವ ಶಾಪ್‌ಗೆ. ಆ ಕೋನಗಳಲ್ಲಿ ಒಂದಾದ ಕ್ಯಾಸ್ಟರ್ ಅಂದರೆ ಏನು ಅಂತ ತಿಳಿಯಬೇಕಾದರೆ ಸೈಕಲ್ ನೋಡಿ. ಮುಂದಿನ ಫೋರ್ಕ್ ಹಿಂದಕ್ಕೆ ಓರೆಯಾಗಿದೆ, ಕೈ ಬಿಟ್ಟರೂ ನೇರ ಹೋಗಲು ಅದೂ ಒಂದು ಕಾರಣ. ಹಿಂಭಾಗ ಕುಸಿದರೆ ಕ್ಯಾಸ್ಟರ್ ಬದಲಾಗುತ್ತದೆ, ಆದ್ದರಿಂದ ಸಸ್ಪೆನ್ಷನ್ ಕೆಲಸವೆಲ್ಲ ಮುಗಿದ ಮೇಲೆ ಅಲೈನ್‌ಮೆಂಟ್. ಗಾಡಿ ತುಂಬಿರಬೇಕು. ಈ ಕೆಲಸಕ್ಕೆ ಬಂದ ಹೊಸದರಲ್ಲಿ ನಾನೇ ಒಂದು ಖಾಲಿ ಗಾಡಿಗೆ ಅಲೈನ್‌ಮೆಂಟ್ ಮಾಡಿ ಕಳಿಸಿದ್ದೆ. ಪ್ರಿಂಟ್‌ನಲ್ಲಿ ಎಲ್ಲ ಹಸಿರು. ಸಾಮಾನು ತುಂಬಿಸಿ ಹೊರಟವರು ಎರಡನೇ ದಿನ ಫೋನ್ ಮಾಡಿದರು. ವಾಪಸ್ ಕರೆಸಿ ದುಡ್ಡಿಲ್ಲದೆ ಮತ್ತೆ ಮಾಡಿಕೊಟ್ಟೆ. ಸ್ಟೀರಿಂಗ್ ಬಾಕ್ಸ್ ಮೇಲಿರುವ ಸ್ಕ್ರೂ ತಿರುಗಿಸಿ ಆಟ ಕಡಿಮೆ ಮಾಡಿಕೊಳ್ಳುತ್ತೇನೆ ಅನ್ನುವವರೂ ಇದ್ದಾರೆ. ಬೇಡ. ಹೆಚ್ಚು ಬಿಗಿಯಾದರೆ ತಿರುವಿನಿಂದ ಸ್ಟೀರಿಂಗ್ ವಾಪಸ್ ಬರುವುದಿಲ್ಲ.

ಬೆಂಗಳೂರಿನಿಂದ ಟ್ರಾವೆಲರ್ ವ್ಯಾನನ್ನು ಕ್ಯಾಂಪರ್ ಮಾಡಿಸಿಕೊಂಡವರು ನನಗೆ ಇದೇ ಪ್ರಶ್ನೆ ಕೇಳುತ್ತಾರೆ. ತೂಕ, ಟೈರ್ ಗಾಳಿ, ಸಾಮಾನು ಇಡುವ ಜಾಗ, ಸವೆದ ಬುಷ್, ಸೋರುವ ಶಾಕ್, ಇವೆಲ್ಲ ಅಲ್ಲಿಗೂ ಅನ್ವಯ. ಆದರೆ ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ತಯಾರಕರು ಕೊಟ್ಟ ವಿವರಕ್ಕಿಂತ ಗಾಡಿಯನ್ನು ಬೇರೆ ಮಾಡುವುದಕ್ಕೆ ಅದು ಅಡ್ಡ ಬರುತ್ತದೆ. ಮೋಟಾರ್ ಕ್ಯಾರವಾನ್‌ಗಳಿಗೆ ಎಐಎಸ್-124 ಅನ್ನುವ ಮಾನದಂಡವೂ ಇದೆ. ಕಮಾನು ಪ್ಲೇಟ್ ಸೇರಿಸುವುದು, ಏರ್ ಬ್ಯಾಗ್ ಹಾಕುವುದು ಇಂಥದ್ದಕ್ಕೆ ಕೈ ಹಾಕುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ.

ಆ ದಂಪತಿಯ ಕೆಲಸ ಮೂರು ವಾರಾಂತ್ಯ ನಡೆಯಿತು. ಬೋಲ್ಟ್ ಬದಲಿಸಿದ್ದು, ಶಾಕ್ ಹಾಕಿದ್ದು ಅವರೇ. ಟ್ರ್ಯಾಕ್ ಬಾರ್‌ಗೆ ನಾನು ಪಕ್ಕದಲ್ಲಿ ನಿಂತಿದ್ದೆ. ಕೊನೆಗೆ ಅಲೈನ್‌ಮೆಂಟ್. ಬಿಗಿದ ಪ್ರತಿ ನಟ್ ಮೇಲೂ ಹಳದಿ ಪೇಂಟ್‌ನಲ್ಲಿ ಒಂದು ಗೆರೆ ಎಳೆದೆವು. ನೂರು ಮೈಲಿ ಆದ ಮೇಲೆ ಕೆಳಗೆ ಬಗ್ಗಿ ನೋಡಿದರೆ ಗೆರೆ ಮುರಿದಿದೆಯಾ, ನಟ್ ಸಡಿಲಾಗಿದೆಯಾ ಅಂತ ಗೊತ್ತಾಗುತ್ತದೆ. ಸ್ಟೀರಿಂಗ್ ಸ್ಟೆಬಿಲೈಸರ್ ಡಬ್ಬಿ ಬಿಚ್ಚಲೇ ಇಲ್ಲ. ಮುಂದಿನ ಟೈರ್ ಸಿಡಿದರೆ ಅದು ನೆರವಾಗುತ್ತದೆ, ಬೇಕಾದರೆ ಇಟ್ಟುಕೊಳ್ಳಿ ಅಂದೆ. ಆದರೆ ಅಲೈನ್‌ಮೆಂಟ್ ಕೆಟ್ಟಾಗ ಬರುವ ಎಳೆತವನ್ನೂ ಅದು ಮುಚ್ಚಿಬಿಡುತ್ತದೆ, ಆರು ತಿಂಗಳು ಹಾಗೇ ಓಡಿಸಿ ನೋಡಿ, ಆಮೇಲೆ ಹಾಕಿಕೊಳ್ಳಬಹುದು ಅಂತಲೂ ಹೇಳಿದೆ. ಡಬ್ಬಿಯನ್ನು ಎರಡು ಆಕ್ಸಲ್‌ಗಳ ನಡುವಿನ ಡಿಕ್ಕಿಯಲ್ಲಿ, ಗ್ರೈಂಡರ್ ಪಕ್ಕದಲ್ಲಿ ಇಟ್ಟುಕೊಂಡು ಹೋದರು.