ಅಲ್ಡಿಯಲ್ಲಿ ಅಷ್ಟು ಅಗ್ಗ ಹೇಗೆ?

ಪ್ರಶ್ನೆ: ಮಗಳ ಬಾಣಂತನಕ್ಕೆ ಜರ್ಮನಿಗೆ ಹೋಗಿದ್ದೆ. ಅಲ್ಲಿ ಅಲ್ಡಿ ಅನ್ನೋ ಅಂಗಡಿಯಲ್ಲಿ ದಿನಸಿಯೆಲ್ಲ ಬೇರೆ ಕಡೆಗಿಂತ ಅಗ್ಗ. ನಷ್ಟಕ್ಕೆ ಮಾರ್ತಾರಾ, ಇಲ್ಲಾ ಮಾಲೇ ಕಳಪೆಯಾ?
– ಓದುಗರೊಬ್ಬರು, ಹಾಸನ

ಎರಡೂ ಅಲ್ಲಮ್ಮ. ಅಲ್ಲಿ ಟ್ರಾಲಿ ತಗೊಳ್ಳೋಕೆ ಒಂದು ಯೂರೋ ನಾಣ್ಯ ಹಾಕಿರಬೇಕಲ್ಲ? ಗಾಡಿ ವಾಪಸ್ ತಂದು ಸರಪಳಿ ಸಿಕ್ಕಿಸಿದರೆ ನಾಣ್ಯ ಕೈಗೆ ಬರುತ್ತೆ. ಬಿಟ್ಟುಹೋದ ಗಾಡಿಗಳನ್ನು ಆರಿಸಿ ತರಲು ಸಂಬಳದ ಆಳು ಬೇಡ. ಇಡೀ ಅಂಗಡಿ ನಡೆಯೋದೇ ಈ ಲೆಕ್ಕದಲ್ಲಿ. ಬಿಸ್ಕತ್ತಿನ ಪೊಟ್ಟಣಗಳನ್ನು ಒಂದೊಂದಾಗಿ ಜೋಡಿಸುತ್ತಾ ಕೂರಲ್ಲ. ರಟ್ಟಿನ ಪೆಟ್ಟಿಗೆಯ ಮುಂಭಾಗ ಹರಿದು ಹಾಗೇ ಇಡುತ್ತಾರೆ. ಬಾರ್‌ಕೋಡ್ ದೊಡ್ಡದಾಗಿ, ಪೊಟ್ಟಣದ ಹಲವು ಬದಿಗಳಲ್ಲಿರುತ್ತೆ. ಬಿಲ್ ಹಾಕುವವರು ತಿರುಗಿಸಿ ಹುಡುಕಬೇಕಿಲ್ಲ. ಚೀಲಕ್ಕೆ ತುಂಬಿಕೊಳ್ಳೋದು ನಿಮ್ಮ ಪಾಡು.

ಇದೆಲ್ಲ ಚಿಲ್ಲರೆ ಉಳಿತಾಯ. ದೊಡ್ಡ ಉಳಿತಾಯ ಇರುವುದು ಕಡಿಮೆ ಬಗೆ ಇಡುವುದರಲ್ಲಿ. ದೊಡ್ಡ ಸೂಪರ್‌ಮಾರ್ಕೆಟ್‌ನಲ್ಲಿ ಹತ್ತಾರು ಸಾವಿರ ಬಗೆಯ ಸಾಮಾನಿದ್ದರೆ ಅಲ್ಡಿಯಲ್ಲಿ 2,000ದ ಆಸುಪಾಸು. ಟೊಮೆಟೊ ಸಾಸ್ ಅಂದರೆ ಒಂದೋ ಎರಡೋ, ಅಷ್ಟೇ. ಆ ಒಂದೇ ಸಾಸನ್ನು ಸಾವಿರಾರು ಅಂಗಡಿಗಳಿಗೆ ಕೊಳ್ಳುವಾಗ ತಯಾರಿಸುವವರ ಹತ್ತಿರ ಚೌಕಾಸಿಗೆ ಬಲ ಬರುತ್ತೆ. ಕಟ್ಟಿನಕೆರೆ ಮಾರ್ಕೆಟ್‌ನಲ್ಲಿ ಒಂದು ಕೆ.ಜಿ. ಆಲೂಗಡ್ಡೆ ಕೇಳಿದವರಿಗೂ ಮದುವೆಗೆ ಹತ್ತು ಮೂಟೆ ಕೇಳಿದವರಿಗೂ ಒಂದೇ ರೇಟ್ ಹೇಳ್ತಾರಾ? (ಆ ಚೌಕಾಸಿಯಲ್ಲಿ ತಯಾರಿಸುವವರ ಲಾಭ ಸವೆಯುತ್ತೆ, ಅದು ಬೇರೆ ಮಾತು.) ಜೊತೆಗೆ ಬಹುಪಾಲು ಮಾಲು ಅಂಗಡಿಯ ಸ್ವಂತ ಬ್ರ್ಯಾಂಡ್, ಹೆಸರಾಂತ ಕಂಪನಿಗಳು ಜಾಹೀರಾತಿಗೆ ಸುರಿಯುವ ದುಡ್ಡು ಅದರ ಬೆಲೆಗೆ ಸೇರಿರಲ್ಲ. ಬಗೆ ಕಡಿಮೆಯಾದ್ದರಿಂದ ಮಾಲೂ ಬೇಗ ಖಾಲಿಯಾಗುತ್ತೆ. ಒಂದೊಂದರ ಮೇಲೆ ಲಾಭ ಸಣ್ಣದಾದರೂ ನಡೆಯುತ್ತೆ.

ಹಾಗಂತ ನಿಮ್ಮ ಬೀದಿ ಕೊನೆಯ ಅಂಗಡಿಯವರು ಸುಲೀತಾರೆ ಅನ್ನಬೇಡಿ. ಅವರು ಹತ್ತು ಬಗೆ ಸೋಪು ಇಡಬೇಕು, ಒಂದೇ ಒಂದು ಶ್ಯಾಂಪೂ ಪೊಟ್ಟಣ ಹರಿದು ಕೊಡಬೇಕು, ಸಂಬಳ ಬರೋವರೆಗೆ ಬರ್ಕೊಳ್ಳಬೇಕು. ಆ ಖರ್ಚೂ ಬೆಲೆಯಲ್ಲಿ ಕೂತಿರುತ್ತೆ.

ಅಲ್ಡಿಯೂ ಅಂಥದ್ದೇ ಅಂಗಡಿಯಿಂದ ಬಂದದ್ದು. 1913ರಲ್ಲಿ ಎಸ್ಸೆನ್ ಊರಲ್ಲಿ ಆಲ್ಬ್ರೆಕ್ಟ್ ಮನೆಯ ತಾಯಿ ತೆರೆದ ಪುಟ್ಟ ಅಂಗಡಿಯನ್ನು ಮಕ್ಕಳು ಕಾರ್ಲ್, ಥಿಯೋ ಬೆಳೆಸಿದರು. 1960ರ ಹೊತ್ತಿಗೆ ಸಿಗರೇಟ್ ಮಾರಬೇಕೋ ಬೇಡವೋ ಅಂತ ಅಣ್ಣತಮ್ಮಂದಿರಿಗೆ ಭಿನ್ನಾಭಿಪ್ರಾಯ ಬಂದು ಪಾಲಾಯಿತು. ನಮ್ಮ ಕಡೆ ತೋಟ ಪಾಲಾಗುವ ಹಾಗೇ, ಒಬ್ಬರಿಗೆ ಉತ್ತರ, ಇನ್ನೊಬ್ಬರಿಗೆ ದಕ್ಷಿಣ. ಇವತ್ತಿಗೂ ಎರಡು ಬೇರೆ ಕಂಪನಿ. ನಿಮ್ಮ ಮಗಳು ಮ್ಯೂನಿಕ್‌ನಲ್ಲಿದ್ದರೆ ನೀವು ಹೋಗಿದ್ದು ಅಣ್ಣ ಕಾರ್ಲ್ ಪಾಲಿನ ಅಂಗಡಿಗೆ, ಬರ್ಲಿನ್‌ನಲ್ಲಿದ್ದರೆ ತಮ್ಮ ಥಿಯೋನದಕ್ಕೆ.