ಸ್ಟೀರಿಂಗ್ ಹಿಂದೆ ಯಾರೂ ಇಲ್ಲ, ಕೇಸು ಯಾರ ಮೇಲೆ?

ಕ್ಯಾಲಿಫೋರ್ನಿಯಾದಲ್ಲಿ ರಸ್ತೆ ಅಪಘಾತದ ಕೇಸು ನಡೆಸುವ ವಕೀಲ ನಾನು. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ಕನ್ನಡದವರು ಹಬ್ಬಕ್ಕೆ ಸೇರಿದಾಗ ಊಟದ ಮಧ್ಯೆಯೇ ಈ ಪ್ರಶ್ನೆ ಬರುತ್ತದೆ. "ಡ್ರೈವರ್ ಇಲ್ಲದ ಕಾರು ಬಂದು ಗುದ್ದಿದರೆ ಯಾರನ್ನ ಹಿಡ್ಕೊಳ್ಳೋದು ಸಾರ್?"

ಪೊಲೀಸರಿಗೂ ಇದೇ ಪ್ರಶ್ನೆ ಎದುರಾಗಿದೆ. 2025ರ ಸೆಪ್ಟೆಂಬರ್‌ನಲ್ಲಿ ಸ್ಯಾನ್ ಬ್ರೂನೋ ಪೊಲೀಸರು ಕುಡಿದು ಓಡಿಸುವವರನ್ನು ಹಿಡಿಯಲು ರಸ್ತೆಗಿಳಿದಿದ್ದರು. ಅವರ ಕಣ್ಣೆದುರೇ ಡ್ರೈವರ್ ಇಲ್ಲದ ಟ್ಯಾಕ್ಸಿ ಓಡಿಸುವ ವೇಮೋ ಕಂಪನಿಯ ಕಾರೊಂದು ತಿರುಗಬಾರದ ಕಡೆ ಯೂ-ಟರ್ನ್ ತೆಗೆದುಕೊಂಡಿತು. ನಿಲ್ಲಿಸಿ ನೋಡಿದರೆ ಡ್ರೈವರ್ ಸೀಟು ಖಾಲಿ. ದಂಡದ ಚೀಟಿ ಬರೆಯಲು ಹೆಸರೇ ಇಲ್ಲ! ಕಂಪನಿಗೆ ವಿಷಯ ತಿಳಿಸಿ ಸುಮ್ಮನಾದರು.

ಅಮೆರಿಕದಲ್ಲಿ ಕಾರಿನ ಬ್ರೇಕು, ಏರ್‌ಬ್ಯಾಗು ಹೇಗಿರಬೇಕು ಅನ್ನೋದು ಕೇಂದ್ರದ ಕೈಯಲ್ಲಿದೆ. ಲೈಸೆನ್ಸು, ಇನ್ಶೂರೆನ್ಸು, ಸಂಚಾರ ನಿಯಮ ರಾಜ್ಯಗಳಿಗೆ ಸೇರಿದ್ದು. ಕಾರೇ ಡ್ರೈವರ್ ಆದ ಮೇಲೆ ಈ ಗೆರೆ ಮಸುಕಾಯಿತು. 2011ರಲ್ಲಿ ನೆವಾಡಾ ಮೊದಲ ಕಾಯ್ದೆ ಮಾಡಿತು, ಮರುವರ್ಷ ಕ್ಯಾಲಿಫೋರ್ನಿಯಾ. ಆಮೇಲೆ ಒಂದೊಂದು ರಾಜ್ಯ ಒಂದೊಂದು ದಾರಿ ಹಿಡಿಯಿತು.

ಟೆಕ್ಸಾಸ್ 2017ರಲ್ಲೇ ನೇರವಾಗಿ ಹೇಳಿಬಿಟ್ಟಿತು: ಸಂಚಾರ ನಿಯಮದ ಲೆಕ್ಕಕ್ಕೆ ಆ ಓಡಿಸುವ ವ್ಯವಸ್ಥೆಯ ಮಾಲೀಕನೇ ಚಾಲಕ. ಕ್ಯಾಲಿಫೋರ್ನಿಯಾದಲ್ಲಿ ಅನುಮತಿಗಳು ಜಾಸ್ತಿ. ರಸ್ತೆಗಿಳಿಯಲು ಡಿಎಂವಿ, ಅಂದರೆ ರಾಜ್ಯದ ವಾಹನ ಇಲಾಖೆ, ಒಪ್ಪಬೇಕು, ಪ್ರಯಾಣಿಕರಿಂದ ದುಡ್ಡು ತೆಗೆದುಕೊಳ್ಳಲು ಬೇರೊಂದು ಆಯೋಗ ಒಪ್ಪಬೇಕು, ಜೊತೆಗೆ 50 ಲಕ್ಷ ಡಾಲರಿನ ವಿಮೆಯನ್ನೋ ಬಾಂಡನ್ನೋ ತೋರಿಸಬೇಕು. ಆದರೂ ಚೀಟಿ ಯಾರಿಗೆ ಅನ್ನೋದು ಮಾತ್ರ ಬಾಕಿ ಉಳಿದಿತ್ತು. 2024ರಲ್ಲಿ ಬಂದ ಕಾಯ್ದೆ ಅದಕ್ಕೆ ದಾರಿ ಮಾಡಿತು. 2026ರ ಜುಲೈ 1ರಿಂದ ಪೊಲೀಸರು ಕಂಪನಿಗೇ ನೋಟಿಸ್ ಕೊಡಬಹುದು. ನೋಟಿಸ್ ಬಂದರೆ ಕಂಪನಿ ಅದನ್ನು ಡಿಎಂವಿಗೆ ತಿಳಿಸಬೇಕು.

ದಂಡ ಬಿಡಿ, ಜೀವ ಹೋದರೆ? 2018ರ ಮಾರ್ಚ್ 18ರ ರಾತ್ರಿ ಅರಿಜೋನಾದ ಟೆಂಪೆಯಲ್ಲಿ ಒಬ್ಬ ಮಹಿಳೆ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದರು. ಊಬರ್ ಪರೀಕ್ಷೆಗೆ ಬಿಟ್ಟಿದ್ದ ಕಾರು ಅವರ ಪ್ರಾಣ ತೆಗೆಯಿತು. ಗುದ್ದುವ ಐದು ಸೆಕೆಂಡಿಗೂ ಮೊದಲೇ ಕಾರಿನ ಸೆನ್ಸರ್ ಅವರನ್ನು ಕಂಡಿತ್ತು. ಎದುರಿಗಿರುವುದು ಮನುಷ್ಯರು ಎಂದು ಅದಕ್ಕೆ ಗೊತ್ತಾಗಲಿಲ್ಲ. ತುರ್ತು ಬ್ರೇಕ್ ಅನ್ನು ಕಂಪನಿಯೇ ಆಫ್ ಮಾಡಿಟ್ಟಿತ್ತು. ಸೀಟಿನಲ್ಲಿದ್ದ ಉಸ್ತುವಾರಿ ಉದ್ಯೋಗಿಯ ಫೋನಿನಲ್ಲಿ ಟಿವಿ ಕಾರ್ಯಕ್ರಮ ಓಡುತ್ತಿತ್ತು. ಕಂಪನಿಯ ಮೇಲೆ ಕ್ರಿಮಿನಲ್ ಕೇಸಿಗೆ ಆಧಾರವಿಲ್ಲ ಎಂದರು ಸರ್ಕಾರಿ ವಕೀಲರು. 2023ರಲ್ಲಿ ತಪ್ಪೊಪ್ಪಿಕೊಂಡು ಮೂರು ವರ್ಷದ ಪ್ರೊಬೇಷನ್ (ಜೈಲಿನ ಬದಲು ಅಧಿಕಾರಿಗಳ ನಿಗಾ) ಪಡೆದದ್ದು ಆ ಉದ್ಯೋಗಿ. ಫೋನ್ ನೋಡಿದ್ದು ತಪ್ಪೇ. ಆದರೆ ಬ್ರೇಕ್ ಆಫ್ ಮಾಡಲು ತೀರ್ಮಾನಿಸಿದವರು ಯಾರೂ ಕಟಕಟೆಗೆ ಬರಲಿಲ್ಲ. ಇದು ನ್ಯಾಯ ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ.

ಹಾಗಾಗಿ ಟೆಸ್ಲಾ ಇರುವ ಗೆಳೆಯರಿಗೆ ಪದೇ ಪದೇ ಹೇಳುತ್ತೇನೆ. ನಿಮ್ಮ ಕಾರು ತಾನೇ ತಿರುಗಬಹುದು, ಲೇನ್ ಬದಲಿಸಬಹುದು. ನೀವು ನಿಗಾ ಇಡಲೇಬೇಕಾದ ಕಾರಿನಲ್ಲಿ ಕಾನೂನಿನ ಕಣ್ಣಿಗೆ ಚಾಲಕರು ನೀವೇ. "ಕಾರೇ ಓಡಿಸ್ತಿತ್ತು" ಅನ್ನೋ ಮಾತು ಕೋರ್ಟಿನಲ್ಲಿ ನಿಮ್ಮನ್ನು ಕಾಪಾಡುವುದಿಲ್ಲ.

ನಿಜವಾಗಿ ಯಾರೂ ಇಲ್ಲದ ಕಾರಿನದ್ದು ಬೇರೆ ಕಷ್ಟ. ಅಲ್ಲಿ ಕಂಪನಿ ಮೇಲೆ ಪರಿಹಾರ ಕೇಳಬಹುದು. ಸಾಕ್ಷಿ ಮಾತ್ರ ಅವರ ಹತ್ತಿರವೇ ಇರುತ್ತದೆ. 2023ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಬೇರೆ ಕಾರು ಗುದ್ದಿ ಎಸೆದ ಮಹಿಳೆಯನ್ನು ಕ್ರೂಸ್ ಕಂಪನಿಯ ಡ್ರೈವರ್ ಇಲ್ಲದ ಕಾರು ಸುಮಾರು 20 ಅಡಿ ಎಳೆದುಕೊಂಡು ಹೋಯಿತು. ಎಳೆದದ್ದನ್ನು ಕಂಪನಿ ಮೊದಲು ಸರಿಯಾಗಿ ಹೇಳಲಿಲ್ಲ ಎಂದು ಡಿಎಂವಿ ಅದರ ಅನುಮತಿ ತಡೆಹಿಡಿಯಿತು. ಡಿಎಂವಿಗೇ ಹೀಗಾದರೆ ನಮ್ಮ ನಿಮ್ಮಂಥವರ ಗತಿ ಏನು, ಅಲ್ವಾ?

ಒಬ್ಬರು ನನ್ನ ಹತ್ತಿರ ಬಂದಾಗ, ಇಂಥ ಕಾರಿನಿಂದ ಅಪಘಾತವಾಗಿ ಎಂಟು ತಿಂಗಳಾಗಿತ್ತು. ಮಗಳ ಮನೆಗೆ ಬಂದಿದ್ದ ಅವರ ತಾಯಿಯ ಮಣಿಕಟ್ಟು ಮುರಿದಿತ್ತು. ಕೇಸು ಹಾಕಲು ಎರಡು ವರ್ಷ ಟೈಮ್ ಇದೆ ಎಂದು ಸುಮ್ನೆ ಕೂತಿದ್ದರು. ಕಾರಿನ ನಂಬರ್ ಬರೆದಿಟ್ಟಿರಲಿಲ್ಲ, ಪೊಲೀಸರನ್ನೂ ಕರೆದಿರಲಿಲ್ಲ. ಪಕ್ಕದ ಅಂಗಡಿಯ ಕ್ಯಾಮೆರಾದಲ್ಲಿ ಆ ದಿನದ ದೃಶ್ಯ ಅಳಿಸಿಹೋಗಿತ್ತು. ಅಪಘಾತವಾದ ವಾರದಲ್ಲೇ ಬಂದಿದ್ದರೆ, ಆ ಕಾರಿನ ವಿಡಿಯೋ ಮತ್ತು ಸೆನ್ಸರ್ ದಾಖಲೆ ಅಳಿಸಬೇಡಿ ಎಂದು ಕಂಪನಿಗೆ ಒಂದು ಪುಟದ ಪತ್ರ ಕಳಿಸುತ್ತಿದ್ದೆ.